ಈಶಾನ್ಯದ ಅಡುಗೆಮನೆ

ಶಿವಮೊಗ್ಗದ ದುರ್ಗಿಗುಡಿಯ ಹಳೇ ಅಪಾರ್ಟ್‌ಮೆಂಟೊಂದರಲ್ಲಿ ಎರಡನೇ ಮಹಡಿಯ ಮನೆ ಮಾರಾಟಕ್ಕಿದೆ ಎಂದು ಗೊತ್ತಾದಾಗ, ಅದು ತನಗಾಗಿಯೇ ಕಾದು ಕೂತಿದೆ ಎಂದು ದಾಕ್ಷಾಯಣಿಗೆ ಅನಿಸಿಬಿಟ್ಟಿತು. ಲಿಫ್ಟಿಲ್ಲ, ಬಣ್ಣ ಕಂಡು ವರ್ಷಗಳಾಗಿವೆ, ಇರಲಿ. ಅವಳೂ ಗಂಡ ರೇಣುಕಾಪ್ರಸಾದನೂ ಭದ್ರಾವತಿಯ ಜನ್ನಾಪುರದ ಬಾಡಿಗೆ ಮನೆಯಿಂದ ಶಿವಮೊಗ್ಗದ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ನೇತಾಡಿ ಸುಸ್ತಾಗಿದ್ದರು. ಹೊಸ ಫ್ಲ್ಯಾಟುಗಳ ರೇಟು ಕೇಳಿದರೆ ಕೇಳಿದ್ದೇ ತಪ್ಪಾಯಿತು ಎಂದು ವಾಪಸ್ ಬರಬೇಕು. ಇದೊಂದು ಕೈಗೆಟುಕುವ ಹಾಗಿತ್ತು, ಇನ್ನೊಂಚೂರು ಇಳಿದರೆ ಸಾಕಿತ್ತು.

ಆ ಒಂಚೂರು ಇಳಿಸುವುದಕ್ಕೆ ಸೋದರಮಾವ ಲಿಂಗಪ್ಪ ಬಂದ. ಗಂಡನಿಗೆ ಅವತ್ತು ರಜೆ ಸಿಗಲಿಲ್ಲ. ಲಿಂಗಪ್ಪನದು ಪಾತ್ರೆ ಅಂಗಡಿ, ಆದರೆ ನಿಜವಾದ ಕಸುಬು ಚೌಕಾಸಿ. ಸೈಟು ಕೊಳ್ಳಲಿ, ಛತ್ರ ಗೊತ್ತುಮಾಡಲಿ, ದಾಕ್ಷಾಯಣಿಯ ತವರಿನವರು ಅವನನ್ನು ಬಿಟ್ಟು ಹೋಗುವವರಲ್ಲ. ಯಾವುದರಲ್ಲೇ ಆಗಲಿ ಒಂದು ಕೊಂಕು ಹುಡುಕುತ್ತಾನೆ, ಸಿಗದಿದ್ದರೆ ಹುಟ್ಟಿಸುತ್ತಾನೆ. ಈ ಸಲ ಮಾತ್ರ ದಾರಿ ತೋರಿಸಿದವಳು ದಾಕ್ಷಾಯಣಿಯೇ. ಗೋಡೆ, ಪೈಪು ಅಂದರೆ ರಿಪೇರಿ ಮಾಡಿಸಿಕೊಡುತ್ತೇವೆ ಅಂತಾರೆ, ವಾಸ್ತು ಅಂದುಬಿಡು ಮಾವ, ಅದಕ್ಕೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ ಎಂದು ಬಸ್ಸಿನಲ್ಲೇ ಹೇಳಿಕೊಟ್ಟಿದ್ದಳು.

ಮನೆಯೊಡತಿ ವೇದಾವತಿಯವರು ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಮಗಳ ಮನೆ ಸೇರಿಕೊಳ್ಳಬೇಕೆಂದು ಮಾರಲು ಹೊರಟಿದ್ದರು. ಬಂದವರನ್ನು ಕೂರಿಸಿ ಬಿಸಿಬಿಸಿ ಉಪ್ಪಿಟ್ಟು ಮಾಡಿಕೊಟ್ಟರು. ಲಿಂಗಪ್ಪ ಎರಡನೇ ಸಲವೂ ಹಾಕಿಸಿಕೊಂಡು ತಿಂದು, ಕೈ ತೊಳೆದು, ಬೆಳಕು ತುಂಬಿದ ಆ ಅಡುಗೆಮನೆಯ ಬಾಗಿಲಲ್ಲಿ ನಿಂತು ಲೊಚಗುಟ್ಟಿದ.

"ಈಶಾನ್ಯದಲ್ಲಿ ಒಲೆ ಇಟ್ಟಿದೀರಲ್ಲಮ್ಮ. ಇಂಥ ಮನೇಲಿ ಯಜಮಾನ ಬಾಳಲ್ಲ."

ವೇದಾವತಿಯವರ ಮುಖ ಬಿಳಿಚಿಕೊಂಡಿತು. ಆಮೇಲೆ ಬೆಲೆಯ ಮಾತು ಬಂದಾಗ ಒಂದು ಸಲವೂ ಎಳೆದಾಡದೆ ಇವರು ಕೇಳಿದ್ದಕ್ಕೆ ಒಪ್ಪಿಕೊಂಡರು. ಮೆಟ್ಟಿಲಿಳಿಯುವಾಗ ದಾಕ್ಷಾಯಣಿಗೆ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು.

ಹಾಲುಕ್ಕಿಸುವ ದಿನ ಅದೇ ಅಡುಗೆಮನೆಯಲ್ಲಿ ಒಲೆ ಇಟ್ಟು ಲೈಟರ್ ಹಿಡಿದವಳ ಕೈ ಹಾಗೇ ನಿಂತಿತು. ಸುಳ್ಳೆಂದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಆದರೂ ಗಂಡ ಪಕ್ಕದಲ್ಲೇ ಹೊಸ ಪಂಚೆ ಉಟ್ಟು ನಗುತ್ತ ನಿಂತಿದ್ದ. ಯಾಕೆ ಬೇಕು ಎನಿಸಿತು. ಇಲ್ಲಿ ದೇವರ ಮನೆ ಮಾಡಿದರೆ ಚೆಂದ ಎಂದು ಅವನಿಗೆ ಹೇಳಿ, ಒಲೆಯನ್ನು ಆಗ್ನೇಯದ ಕತ್ತಲೆ ಉಗ್ರಾಣಕ್ಕೆ ಸಾಗಿಸಿದಳು.

ಕೆಲವು ತಿಂಗಳ ಮೇಲೆ, ಭದ್ರಾವತಿಯಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬಂದಾಗ ಮನೆಯ ರಿಜಿಸ್ಟ್ರೇಷನ್ ದಿನ ಪರಿಚಯವಾಗಿದ್ದ ವೇದಾವತಿಯವರ ಮಗಳು ವಾಣಿ ಸಿಕ್ಕಳು. ಅವಳ ಮನೆಯೂ ಜನ್ನಾಪುರದಲ್ಲೇ. ಅಮ್ಮ ಹೇಗಿದ್ದಾರೆ ಎಂದು ಕೇಳಿದ್ದೇ ತಡ, ವಾಣಿಯ ಕಣ್ಣು ತುಂಬಿತು. ಆ ಮನೆಯಲ್ಲಿ ಮೊದಲು ಅಡುಗೆ ನಡೆಯುತ್ತಿದ್ದದ್ದು ಆ ಕತ್ತಲೆ ಉಗ್ರಾಣದಲ್ಲಂತೆ. ಅಪ್ಪ ಬೇಡ ಬೇಡ ಎಂದರೂ ಅಮ್ಮನೇ ಹಟ ಮಾಡಿ ಬೆಳಕಿನ ಕಡೆಗೆ ಬದಲಾಯಿಸಿಕೊಂಡರಂತೆ.

"ಈಗ ನನ್ನ ಅಡುಗೆಮನೆ ಒಳಗೇ ಬರಲ್ಲ ಅಕ್ಕ. ನಾನೇ ನಿಮ್ಮಪ್ಪನ್ನ ತಿಂದ್ಕೊಂಡೆ ಅಂತಾರೆ. ಮನೆ ನೋಡೋಕೆ ಬಂದಿದ್ದ ನಿಮ್ಮ ಮಾವ ಹೇಳಿದ್ದು ಒಳ್ಳೇದಾಯ್ತು, ಇಲ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ ಅಂತಾರೆ."

ಬೈದಿದ್ದರೆ ದಾಕ್ಷಾಯಣಿ ತಡೆದುಕೊಳ್ಳಬಹುದಿತ್ತು. ಮುಂದಿನ ಭಾನುವಾರ ಒಬ್ಬಳೇ ಜನ್ನಾಪುರಕ್ಕೆ ಹೋದಳು.

ವೇದಾವತಿಯವರು ಹಜಾರದ ಮೂಲೆಯಲ್ಲಿ ಸುಮ್ಮನೆ ಕೂತಿದ್ದರು. ಸೊರಗಿದ್ದರು. ದಾಕ್ಷಾಯಣಿ ಅವರ ಕೈ ಹಿಡಿದುಕೊಂಡು, ಒಂದನ್ನೂ ಮುಚ್ಚಿಡದೆ ಹೇಳಿದಳು: ಮಾವನಿಗೆ ವಾಸ್ತು ಗೀಸ್ತು ಏನೂ ಗೊತ್ತಿಲ್ಲ, ಬೆಲೆ ಇಳಿಸುವುದಕ್ಕೆ ನಾನೇ ಹೇಳಿಸಿದ್ದು, ಅದೆಲ್ಲ ಶುದ್ಧ ಸುಳ್ಳು. ವೇದಾವತಿಯವರು ಕೇಳಿಸಿಕೊಂಡು ಅವಳ ಕೈ ತಟ್ಟಿದರು.

"ನನ್ನ ಸಮಾಧಾನಕ್ಕೆ ಇಷ್ಟು ದೂರ ಬಂದು ಹೇಳ್ತಿದೀಯ. ಒಳ್ಳೇ ಮನಸ್ಸಮ್ಮ ನಿಂದು."

ದಾಕ್ಷಾಯಣಿ ಆಣೆ ಇಟ್ಟಳು, ಅತ್ತಳು. ಏನು ಮಾಡಿದರೂ ಆಕೆ ನಂಬಲಿಲ್ಲ. ಕೊನೆಗೆ ಆಕೆಯೇ ಮೆಲ್ಲಗೆ ಕೇಳಿದರು.

"ಹಂಗಾದ್ರೆ ನೀನು ಅಲ್ಲೇ ಅಡುಗೆ ಮಾಡ್ತಿದೀಯ?"

"ಹೂಂ ಅಮ್ಮ. ಅಲ್ಲೇ."

"ನಿಮ್ಮ ಯಜಮಾನ್ರು?"

"ಆರಾಮಾಗಿದಾರೆ."

ನಿಜ ಹೇಳಿದಾಗ ನಂಬದವರು ಈ ಸುಳ್ಳನ್ನು ನಂಬಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು, ಮಗಳ ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟರು. ವಾಣಿ ಬಾಗಿಲಲ್ಲಿ ನಿಂತು ಬಾಯಿಗೆ ಕೈ ಹಿಡಿದು ಅಳುತ್ತಿದ್ದಳು. ಲೋಟ ಕೈಗೆ ಕೊಡುವಾಗ ವೇದಾವತಿಯವರು, ಬರುವ ವಾರ ಮನೆಗೆ ಬರುತ್ತೇನೆ, ಆ ಒಲೆ ಅಲ್ಲಿ ಉರಿಯುವುದನ್ನು ಒಂದು ಸಲ ಕಣ್ಣಾರೆ ನೋಡಬೇಕು ಎಂದರು. ಬನ್ನಿ ಎನ್ನದೆ ದಾಕ್ಷಾಯಣಿಗೆ ಬೇರೆ ದಾರಿ ಇರಲಿಲ್ಲ.

ಮನೆಗೆ ಬಂದವಳೇ ಗಂಡನಿಗೆ ಎಲ್ಲವನ್ನೂ ಹೇಳಿದಳು. ಚೌಕಾಸಿಯಿಂದ ದೇವರ ಮನೆಯ ನೆಪದವರೆಗೆ ಏನನ್ನೂ ಬಿಡಲಿಲ್ಲ. ರೇಣುಕಾಪ್ರಸಾದ ಮೊದಲು ರೇಗಿದ, ಮಾಡಬಾರದ್ದು ಮಾಡಿದೆ ಎಂದ. ಆಮೇಲೆ ತಾನೇ ಸಿಲಿಂಡರ್ ಉರುಳಿಸಿಕೊಂಡು ಹೋಗಿ, ದೇವರ ಪಟಗಳನ್ನು ಪಕ್ಕಕ್ಕೆ ಸರಿಸಿ, ಕಿಟಕಿಯ ಪಕ್ಕದ ಕಟ್ಟೆ ಒರೆಸಿ, ಒಲೆ ಇಟ್ಟು ಟ್ಯೂಬ್ ಸಿಕ್ಕಿಸಿದ. ಬಗ್ಗಿದಲ್ಲಿಂದಲೇ ಕೇಳಿದ.

"ಮಾವ ಹೇಳಿದ್ದು ಬರೀ ವ್ಯಾಪಾರಕ್ಕೆ ತಾನೆ ದಾಕ್ಷಾ?"

ಜನ್ನಾಪುರದಲ್ಲಿ ಆ ಹೆಂಗಸಿನ ಕೈ ಹಿಡಿದು ಅದೆಲ್ಲ ಶುದ್ಧ ಸುಳ್ಳು ಎಂದು ಅಷ್ಟು ಸಲ ಹೇಳಿ ಬಂದಿದ್ದ ಮಾತು, ಈಗ ಗಂಡನ ಮುಂದೆ ಒಂದು ಸಲವೂ ಅವಳ ಬಾಯಿಂದ ಹೊರಡಲಿಲ್ಲ.