ಹಿಂದುಮುಂದಾದ ಹೆಸರು

ಹೊಸ ದೊರೆ ಬಂದರೂ ಸಂತೆಯವರು ದೇವಿಯ ಚಿತ್ರವಿಲ್ಲದ ನಾಣ್ಯವನ್ನು ಮೂಸಿಯೂ ನೋಡಲಿಲ್ಲ. ಹಾಗಾಗಿ ಒಂದು ಬದಿಗೆ ಕಮಲದ ಮೇಲೆ ಕೂತ ಹಳೆಯ ದೇವಿ, ಇನ್ನೊಂದು ಬದಿಗೆ ದೊರೆಯ ಹೆಸರು, ಅವನದೇ ಲಿಪಿಯಲ್ಲಿ. ಅವರಿಬ್ಬರೂ ಹೊಂದಿಕೊಂಡೇ ಇದ್ದರು. ಫಜೀತಿಯೆಲ್ಲ ಟಂಕಸಾಲೆಯಲ್ಲಿ ಅಚ್ಚು ಕೊರೆಯುವ ಅಣ್ಣತಮ್ಮಂದಿರಿಗೆ. ಆ ಲಿಪಿಯ ಒಂದಕ್ಷರವೂ ಅವರಿಗೆ ಓದಲು ಬರುತ್ತಿರಲಿಲ್ಲ.

ಲಿಪಿಕಾರ ಹೆಸರನ್ನು ಕಾಗದದಲ್ಲಿ ಬರೆದು ಕೊಡುತ್ತಿದ್ದ. ಮಸಿ ಹಸಿಯಿರುವಾಗಲೇ ಅದನ್ನು ಅಚ್ಚಿನ ಮೇಲೆ ಬೋರಲು ಹಾಕಿ ಒತ್ತಬೇಕು. ಮೂಡಿದ ತಿರುಗುಮುರುಗು ಗೆರೆಯನ್ನೇ ಕೊರೆದರೆ ನಾಣ್ಯದಲ್ಲಿ ಹೆಸರು ನೆಟ್ಟಗೆ ಬೀಳುತ್ತದೆ. ದೇವಿಯ ಚಿತ್ರಕ್ಕೆ ಈ ತಾಪತ್ರಯವಿಲ್ಲ. ತಿರುಗಿದರೆ ಹೂವು ಈ ಕೈಯಿಂದ ಆ ಕೈಗೆ ಹೋಗುತ್ತದೆ, ಅಷ್ಟೆ.

ಆ ದಿನ ಮಸಿ ಒಣಗಿಹೋಗಿತ್ತು. ಮತ್ತೆ ಬರೆಸಿಕೊಂಡು ಬರಲು ತಮ್ಮನೆಂಬ ಪುಣ್ಯಾತ್ಮನಿಗೆ ಮೈಗಳ್ಳತನ. ಕಂಡ ಗೆರೆಯನ್ನೇ ಕೊರೆದು ರೂಢಿಯಾದ ಕೈ. ಕಾಗದವನ್ನು ಪಕ್ಕಕ್ಕಿಟ್ಟುಕೊಂಡು ಇದ್ದದ್ದನ್ನು ಇದ್ದ ಹಾಗೆ ಕೊರೆದು, ಅಣ್ಣನ ಅಚ್ಚುಗಳ ಜೊತೆ ಒಪ್ಪಿಸಿಬಿಟ್ಟ. ಮರುದಿನ ನಾಣ್ಯದಲ್ಲಿ ದೊರೆಯ ಹೆಸರು ಹಿಂದುಮುಂದಾಗಿ ಬಿತ್ತು.

ಇದು ಯಾರ ಕೆಲಸ ಎಂದು ಅಧಿಕಾರಿ ಕೇಳಿದಾಗ ತಮ್ಮನ ಬಾಯಿಗೆ ಬೀಗ ಬಿತ್ತು. ಅಣ್ಣನ ಕಣ್ಣು ಮಂಜಾಗುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಅವನು ಅಚ್ಚನ್ನು ಬೆರಳಿನಿಂದ ಸವರಿ, ನನ್ನದೇ ಇರಬೇಕು ಎಂದ. ಅವತ್ತೇ ಉಳಿ, ಸುತ್ತಿಗೆ ಒಪ್ಪಿಸಿ ಮನೆಗೆ ಬಂದ.

ಆಮೇಲೆ ಅಣ್ಣ ಬಾಗಿಲ ಅಗುಳಿ ಹಾಕಿ, ಹಾಕಿದೆನಾ ಎಂದು ಅತ್ತಿಗೆಯನ್ನು ಕೇಳತೊಡಗಿದ. ನೀರಿನ ಚೊಂಬನ್ನೂ ಎರಡು ಸಲ ಮುಟ್ಟಿ ನೋಡಿ ಎತ್ತುತ್ತಿದ್ದ. ಮೂವತ್ತು ವರ್ಷ ಕೂದಲೆಳೆಯಷ್ಟೂ ತಪ್ಪದ ಕೈ ಅದು. ನೋಡಿ ನೋಡಿ ತಮ್ಮನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು. ಎರಡು ತಿಂಗಳು ಹೀಗೇ ಕಳೆಯಿತು.

ಕೊನೆಗೆ ಒಂದು ಮಧ್ಯಾಹ್ನ ಊಟಕ್ಕೆ ಕೂತವನು ಕೈ ತಡೆದ.

“ಅಣ್ಣ, ಆ ಅಚ್ಚು ಕೊರೆದಿದ್ದು ನಾನು. ನಿನ್ನ ಕೈ ತಪ್ಪಿಲ್ಲ.”

ಅಣ್ಣ ನಕ್ಕ. “ನನಗೆ ಸಮಾಧಾನ ಆಗ್ಲಿ ಅಂತ ನಿನ್ನ ಮೇಲೆ ಹಾಕ್ಕೋತೀಯಾ? ನೀನೇ ಆಗಿದ್ರೆ ಅವತ್ತೇ ಹೇಳ್ತಿದ್ದೆ. ನಾನು ಎತ್ತಿ ಆಡಿಸಿದೋನು, ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ?”

ತಮ್ಮ ಆಣೆ ಇಟ್ಟ, ಒಣಗಿದ ಮಸಿಯ ಕಥೆಯನ್ನೆಲ್ಲ ಬಿಡಿಸಿ ಹೇಳಿದ. ಅಣ್ಣ ಮಗುವಿನ ಮಾತಿಗೆ ಹೂಂಗುಟ್ಟುವಂತೆ ಹೂಂಗುಟ್ಟಿದ. ಇಂಥ ತಮ್ಮ ಯಾರಿಗಿದ್ದಾನೆ ನೋಡು ಎಂದು ಹೆಂಡತಿಗೆ ಹೇಳಿದ.

ಅತ್ತಿಗೆ ತಮ್ಮನ ಮುಖವನ್ನೇ ನೋಡುತ್ತ ನಿಂತಿದ್ದಳು. ಅವನ ಮುಂದಿನ ಅನ್ನದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.