ಗಾಜಿನಾಚೆಯ ದನಿ

“ಉಸಿರು ಬಿಡಿ. ಈಗ ಹಾಗೇ ಹಿಡ್ಕೊಳ್ಳಿ,” ಹೆಡ್‌ಫೋನಿನಲ್ಲಿ ತಂತ್ರಜ್ಞನ ದನಿ ಕೇಳಿತು. ಎಂಆರ್‌ಐ ಯಂತ್ರದ ಕೊಳವೆಯೊಳಗೆ ಮಲಗಿದ್ದ ಕ್ಷೌರಿಕ ಹಿಡಿದ. ಹಿಡಿದದ್ದೇ ತಡ, ಕೆಮ್ಮು ಬಂತು.

ಕುರ್ಚಿಯಲ್ಲಿ ಕೂತವರಿಗೆಲ್ಲ “ಅಲುಗಾಡಬೇಡಿ ಸ್ವಾಮಿ” ಎಂದು ಗದರುತ್ತಲೇ ತಲೆ ಬೆಳ್ಳಗಾಗಿಸಿಕೊಂಡವನು ಅವನು. ಈಗ ಅವನ ಸರದಿ. ಪಿತ್ತಜನಕಾಂಗದ ಮೇಲ್ತುದಿಯಲ್ಲಿ ಅಡಗಿ ಕೂತಿದ್ದ ಕ್ಯಾನ್ಸರ್ ಗಡ್ಡೆ ಬೇರೆ ಸ್ಕ್ಯಾನುಗಳಿಗೆ ಸರಿಯಾಗಿ ಸಿಕ್ಕಿರಲಿಲ್ಲ. ಈ ಯಂತ್ರದ ಪರದೆಯಲ್ಲಿ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು ನೋಡುತ್ತಲೇ ಪಕ್ಕೆಲುಬಿನ ಸಂದಿಯಿಂದ ಸೂಜಿ ಇಳಿಸಿ, ತುದಿಯನ್ನು ಕಾಯಿಸಿ ಗಡ್ಡೆಯನ್ನು ಸುಡಬೇಕು. ಹೊಟ್ಟೆ ಕೊಯ್ಯಬೇಕಾಗಿಲ್ಲ. ಆದರೆ ಪ್ರತಿ ಸಲವೂ ಉಸಿರು ಒಂದೇ ಹದದಲ್ಲಿ ನಿಲ್ಲಬೇಕು, ಇಲ್ಲದಿದ್ದರೆ ಗಡ್ಡೆ ಗುರಿ ತಪ್ಪಿಸಿಕೊಳ್ಳುತ್ತದೆ.

ಸೂಜಿ ಅರ್ಧದಾರಿಯಲ್ಲಿ ನಿಂತಿತ್ತು. ಪಕ್ಕೆಯನ್ನು ಮರಗಟ್ಟಿಸಿದ್ದರಿಂದ ನೋವಿರಲಿಲ್ಲ, ಉಸಿರು ಮಾತ್ರ ಹಿಡಿತಕ್ಕೆ ಸಿಗುತ್ತಿರಲಿಲ್ಲ.

ಡಾಕ್ಟರಮ್ಮ ಬಗ್ಗಿ, “ಇವತ್ತಿಗೆ ನಿಲ್ಲಿಸೋಣ್ವಾ? ಇನ್ನೊಂದು ದಿನ ಪೂರ್ತಿ ಅರಿವಳಿಕೆ ಕೊಟ್ಟು ಮಾಡ್ಬಹುದು. ಆದ್ರೆ ನಿಮ್ಮ ಹೃದಯ ಅದನ್ನ ತಡೆಯುತ್ತೆ ಅಂತ ನಂಗೆ ಧೈರ್ಯ ಇಲ್ಲ” ಎಂದರು.

“ಬೇಡ ಡಾಕ್ಟ್ರೇ. ಹೊರಗೆ ನನ್ನ ಹೆಂಡ್ತಿ ಕೂತಿದ್ದಾಳೆ, ಅವಳ ಕೈಲಿ ಹೇಳಿಸಿ. ಅವಳು ಗದರಿದ್ರೆ ನನ್ನ ಉಸಿರು ತಾನಾಗೇ ನಿಲ್ಲುತ್ತೆ.”

ಡಾಕ್ಟರಮ್ಮ ನಕ್ಕು ಗಾಜಿನಾಚೆಯ ಕೋಣೆಗೆ ಸನ್ನೆ ಮಾಡಿದರು. ಸ್ವಲ್ಪ ಹೊತ್ತಿಗೆ ಹೆಡ್‌ಫೋನಿನಲ್ಲಿ ಗಂಟಲು ಸರಿಮಾಡಿಕೊಂಡ ಸದ್ದು.

“ರೀ, ಕೇಳಿಸ್ತಿದ್ಯಾ?”

“ಕೇಳಿಸದೆ ಏನು, ಕಿವಿಯೊಳಗೇ ಬಂದು ಕೂತಿದ್ದೀಯಲ್ಲ.”

“ಮಾತು ಸಾಕು. ಮೆಲ್ಲಗೆ ಉಸಿರು ಬಿಡಿ... ಹೂಂ, ಹಿಡ್ಕೊಳ್ಳಿ.”

ದನಿ ನಡುಗುತ್ತಿತ್ತು. ಬೆಳಿಗ್ಗೆಯಿಂದ ತನಗೆ ಧೈರ್ಯ ಹೇಳುತ್ತಿದ್ದವಳಿಗೂ ಭಯವಿದೆ ಎಂದು ಅವನಿಗೆ ಹೊಳೆದದ್ದೇ ಆಗ. ಇನ್ನಷ್ಟು ಹೆದರಿಸಬಾರದೆಂದು ಗಟ್ಟಿಯಾಗಿ ಹಿಡಿದ. ಯಂತ್ರ ದಡದಡ ಸದ್ದು ಮಾಡಿ ಸುಮ್ಮನಾಯಿತು. ಸೂಜಿ ಒಂದಿಷ್ಟು ಇಳಿಯಿತು.

“ಉಸಿರಾಡಿ,” ಎಂದಳು. ಅವಳೂ ಜೊತೆಗೇ ದೀರ್ಘವಾಗಿ ಉಸಿರೆಳೆದುಕೊಂಡದ್ದು ಕೇಳಿಸಿತು.

“ನೀನ್ಯಾಕೆ ಹಿಡ್ಕೊಂಡಿದ್ದೆ? ನಿಂಗೂ ಚುಚ್ಚಿದ್ದಾರಾ?”

“ಬಾಯಿ ಮುಚ್ಚಿ. ಮತ್ತೆ ಬಿಡಿ... ಹಿಡ್ಕೊಳ್ಳಿ.”

ಅವನು ಹೀಗೆ ಉಸಿರು ಬಿಡುತ್ತ, ಹಿಡಿಯುತ್ತ ಇದ್ದಂತೆ ಸೂಜಿ ಗಡ್ಡೆ ಮುಟ್ಟಿತು. ಬಲಪಕ್ಕೆಯ ಒಳಗೆಲ್ಲೋ ಬೆಚ್ಚಗಾಯಿತು. ಎಲ್ಲ ಮುಗಿದ ಮೇಲೆ ಇನ್ನೊಮ್ಮೆ ಚಿತ್ರ ತೆಗೆದು ನೋಡಿದ ಡಾಕ್ಟರಮ್ಮ ಬಂದು, “ಪೂರ್ತಿ ಸುಟ್ಟಿದೆ. ಇನ್ನು ಆಗಾಗ ಬಂದು ತೋರಿಸ್ಕೊಂಡು ಹೋಗಿ” ಎಂದರು. “ನಿಮ್ಮ ಮನೆಯವರನ್ನ ಇಲ್ಲೇ ಕೆಲಸಕ್ಕೆ ಇಟ್ಕೊಳ್ಳೋಣ ಅಂತಿದ್ದೀವಿ.”

“ಇಟ್ಕೊಳ್ಳಿ. ಆಮೇಲೆ ನಿಮಗೇ ಉಸಿರಾಡೋಕೆ ಪುರುಸೊತ್ತು ಸಿಗಲ್ಲ.”

ಸಂಜೆ ಅವನು ಕಣ್ಣು ಬಿಟ್ಟಾಗ ಅವಳು ಮಂಚದ ಪಕ್ಕದ ಕುರ್ಚಿಯಲ್ಲಿ ಕಾಲು ಮೇಲಿಟ್ಟು, ಮುದುಡಿಕೊಂಡು ನಿದ್ದೆ ಹೋಗಿದ್ದಳು. ವಾರ್ಡು ತಣ್ಣಗಿತ್ತು. ಅವನು ತನ್ನ ಹೊದಿಕೆಯ ತುದಿ ಹಿಡಿದು ಮೆಲ್ಲಗೆ ಅವಳತ್ತ ಎಳೆದ. ಪಕ್ಕೆ ಚುರುಕ್ಕೆಂದಿತು. ಸ್ವಲ್ಪ ತಡೆದು ಮತ್ತೆ ಎಳೆದ, ಅವಳ ಪಾದಗಳು ಮುಚ್ಚುವವರೆಗೆ.