ಅವೊನೆಲ್ ಕಣಕ್ಕಿಳಿದ ಭಾನುವಾರ

ಅವೊನೆಲ್ ನನ್ನ ಹೊಲಿಗೆ ತರಗತಿಗೆ ಬಂದದ್ದು ಕಿಟಕಿಯ ಪರದೆ ಹೊಲಿಯುವುದನ್ನು ಕಲಿಯಲು. ದಪ್ಪ ಬಟ್ಟೆಯೇ ಆಗಬೇಕು, ಒಳಗಿನದು ಹೊರಗೆ ಕಾಣಬಾರದು ಎಂದು ಮೊದಲ ದಿನವೇ ಹೇಳಿದಳು. ಅವಳ ಎಡಗೈಯ ಕಿರುಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಮಾರುಕಟ್ಟೆಯಲ್ಲಿ ಮೀನು ಮಾರುವವಳು. ಕೇಳಿದವರಿಗೆ ಐಸ್ ಪೆಟ್ಟಿಗೆ ಬಿತ್ತು ಅನ್ನುತ್ತಿದ್ದಳು. ಎರಡನೇ ಸಲ ಯಾರೂ ಕೇಳುತ್ತಿರಲಿಲ್ಲ. ನಮ್ಮ ದ್ವೀಪದ ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ಪೂರ್ವಕ್ಕಿರುವ ನಮ್ಮ ಗುಡ್ಡದಲ್ಲಿ ಮನೆಗಳು ಒಂದರ ಹೆಗಲ ಮೇಲೊಂದು ಕೂತಿವೆ. ಒಂದು ಮನೆಯಲ್ಲಿ ತಟ್ಟೆ ಬಿದ್ದರೆ ಅಕ್ಕಪಕ್ಕದವರಿಗೆಲ್ಲ ಕೇಳಿಸುತ್ತದೆ. ಜೆರೋಲ್ ಅವಳನ್ನು ಹೊಡೆಯುವುದೂ ಎಲ್ಲರಿಗೂ ಕೇಳಿಸುತ್ತಿತ್ತು.

ಜೆರೋಲ್ ಅವಳ ಗಂಡ. ಕೋಲುಕಾಳಗದಲ್ಲಿ ಗುಡ್ಡದ ಹೆಮ್ಮೆ ಅವನು. ಕಾರ್ನಿವಲ್ ಹತ್ತಿರ ಬಂದರೆ ಹುಡುಗರು ಅವನ ಹಿಂದೆ ಹಿಂದೆಯೇ ಸುತ್ತುತ್ತಿದ್ದರು. ರಮ್ ಅಂಗಡಿಯಲ್ಲಿ ಅವನ ಲೋಟ ಖಾಲಿಯಾಗಲು ಯಾರೂ ಬಿಡುತ್ತಿರಲಿಲ್ಲ.

ಅವನಿಗೆ ಕೋಲು ಹಿಡಿಯುವುದನ್ನು ಕಲಿಸಿದವರು ಲೆಜಾಮಾ ಮೇಷ್ಟ್ರು. ಬಂದರಿನಲ್ಲಿ ದುಡಿದು ನಿವೃತ್ತರಾದವರು, ಒಂದು ಕಿವಿ ಅರ್ಧ ಹರಿದುಹೋದವರು. ನಮ್ಮ ಸಮುದಾಯ ಭವನದ ಒಳಗೆ ನನ್ನ ಹೊಲಿಗೆ ಯಂತ್ರಗಳು ಗುರುಗುಟ್ಟುವ ಸಂಜೆಗಳಲ್ಲೇ ಹಿಂದಿನ ಅಂಗಳದಲ್ಲಿ ಅವರ ತರಗತಿ. ಪೂಯಿ ಮರದ ಕೋಲುಗಳು ಒಂದಕ್ಕೊಂದು ಬಡಿಯುವ ಸದ್ದಿಗೆ ನನ್ನ ಹೆಂಗಸರ ಹೊಲಿಗೆ ಸೊಟ್ಟಗಾಗುತ್ತದೆಂದು ನಾನು ದಿನಾ ಬೈಯುತ್ತಿದ್ದೆ. ಅವೊನೆಲ್ ಮಾತ್ರ ಕಿಟಕಿಯ ಪಕ್ಕದ ಯಂತ್ರವನ್ನೇ ಹಿಡಿಯುತ್ತಿದ್ದಳು. ಸೂಜಿಗಿಂತ ಹೆಚ್ಚಾಗಿ ಅಂಗಳವನ್ನೇ ನೋಡುತ್ತಿದ್ದಳು.

ಒಂದು ಸಂಜೆ ಅರ್ಧ ಹೊಲಿದದ್ದನ್ನು ಬಿಟ್ಟು ಎದ್ದು ಹೊರಗೆ ಹೋದಳು. ನಾನೂ ಹಿಂದೆಯೇ ಹೋದೆ.

"ಮೇಷ್ಟ್ರೇ, ನಂಗೂ ಕಲಿಸಿ."

ಹುಡುಗರು ನಕ್ಕರು. ಲೆಜಾಮಾ ನಗಲಿಲ್ಲ.

"ಯಾಕಮ್ಮಾ?"

"ಯಾಕಂದ್ರೆ? ಇವರನ್ನೆಲ್ಲ ಯಾಕೆ ಅಂತ ಕೇಳಿದ್ರಾ?"

ಮೇಷ್ಟ್ರು ಗೋಡೆಗೆ ಒರಗಿಸಿದ್ದ ಕೋಲೊಂದನ್ನು ಎತ್ತಿ ಅವಳತ್ತ ಎಸೆದರು. ಅದು ಅವಳ ಕೈಗೆ ಸಿಗದೆ ಮೊಣಕಾಲಿಗೆ ಬಡಿಯಿತು. "ಮೊದ್ಲು ಹಿಡಿಯೋದು ಕಲಿ. ಹೊಡೆಯೋದು ಆಮೇಲೆ."

ಸುದ್ದಿ ಜೆರೋಲ್‌ಗೆ ತಲುಪಲು ಅರ್ಧ ದಿನವೂ ಬೇಕಾಗಲಿಲ್ಲ. ರಮ್ ಅಂಗಡಿಯಲ್ಲಿ ಎಲ್ಲರೆದುರು ನಕ್ಕನಂತೆ: "ಕಲೀಲಿ ಬಿಡ್ರೋ, ಮೀನಿನ ಮೇಲಿನ ನೊಣ ಓಡಿಸೋಕಾದ್ರೂ ಆಗುತ್ತೆ." ಮುಂದಿನ ತರಗತಿಗೆ ಅವಳು ಬಂದಾಗ ಬಲಗಣ್ಣು ಊದಿ ಮುಚ್ಚಿಹೋಗಿತ್ತು. ಒಂದೇ ಕಣ್ಣಿನಲ್ಲಿ ನೋಡುತ್ತ ಇಡೀ ಸಂಜೆ ಅಭ್ಯಾಸ ಮಾಡಿದಳು. ಮೈಮೇಲೆ ಬಿದ್ದ ಏಟುಗಳಿಗೆ ಒಮ್ಮೆಯೂ ಅಯ್ಯೋ ಅನ್ನಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಹುಡುಗರ ನಗು ನಿಂತಿತ್ತು. ಅವಳ ಹೊಡೆತದಲ್ಲಿ ಅಂಥ ಬಲವೇನೂ ಇರಲಿಲ್ಲ, ಆದರೆ ಅವಳ ತಲೆಗೆ ಏಟು ಹಾಕಲು ಯಾರಿಗೂ ಆಗುತ್ತಿರಲಿಲ್ಲ. ಒಂದು ದಿನ ಭವನದ ಮೆಟ್ಟಿಲ ಮೇಲೆ ಕೂತು ಲೆಜಾಮಾ ನನಗೆ ಹೇಳಿದರು:

"ಇಸ್ಮೇ, ಆ ಹುಡುಗಿ ಕೋಲು ನೋಡೋದೇ ಇಲ್ಲ. ಭುಜ ನೋಡ್ತಾಳೆ. ಏಟು ಹೊರಡೋಕೆ ಮುಂಚೆನೇ ಅವಳಿಗೆ ಗೊತ್ತಾಗುತ್ತೆ. ಅದನ್ನ ನಾನು ಕಲಿಸಿಲ್ಲ."

"ಮತ್ಯಾರು ಕಲಿಸಿದ್ದು?"

ಅವರು ಹರಿದ ಕಿವಿಯನ್ನು ಉಜ್ಜಿಕೊಂಡರು.

ಕಾರ್ನಿವಲ್‌ಗೆ ಮುಂಚಿನ ಭಾನುವಾರ ಮಧ್ಯಾಹ್ನ ಭವನದ ಅಂಗಳದಲ್ಲಿ ಕಾಳಗದ ಕಣ ಸಿದ್ಧವಾಯಿತು. ನಾವು ಹೆಂಗಸರು ದೊಡ್ಡ ಪಾತ್ರೆಗಳಲ್ಲಿ ಪೆಲಾವ್ ಬೇಯಿಸಿದ್ದೆವು. ಕೇಕ್ ತರಗತಿಯವರು ಮೇಜು ಹಾಕಿದ್ದರು. ಗುಡ್ಡವೆಲ್ಲ ಅಲ್ಲೇ ಇತ್ತು. ಕಣದ ನಡುವೆ, ಹಳೆಯ ಪದ್ಧತಿಯಂತೆ, ಒಂದು ಸಣ್ಣ ಗುಂಡಿ ತೋಡಿದ್ದರು. ತಲೆ ಒಡೆಸಿಕೊಂಡವನು ಬಂದು ಆ ಗುಂಡಿಯ ಮೇಲೆ ಬಾಗಬೇಕು. ರಕ್ತ ಅಲ್ಲಿ ಬೀಳಬೇಕು. ಅಲ್ಲಿಗೆ ಕಾಳಗ ಮುಗಿಯಿತು. ಅದಾದ ಮೇಲೆ ಯಾರೂ ಕೋಲೆತ್ತುವಂತಿಲ್ಲ.

ಡೋಲುಗಳು ಶುರುವಾದವು. ಜೆರೋಲ್ ಅಂಗಿ ಬಿಚ್ಚಿ ಇಳಿದ. ಮೊದಲು ಬಂದ ಬಡಗಿಯ ನೆತ್ತಿ ಸೀಳಿತು. ಆಮೇಲೆ ಬಂದ ಟ್ಯಾಕ್ಸಿ ಚಾಲಕನ ಹುಬ್ಬು ಒಡೆದು ಮುಖವೆಲ್ಲ ಕೆಂಪಾಯಿತು. ಇಬ್ಬರೂ ಗುಂಡಿಯ ಮೇಲೆ ಬಾಗಿ, ಬಟ್ಟೆ ಒತ್ತಿಕೊಂಡು, ನಗುತ್ತಲೇ ಹೊರಗೆ ಬಂದರು. ಜೆರೋಲ್ ಕಣದ ಸುತ್ತ ಕುಣಿಯುತ್ತ ಕೂಗಿದ: "ಇನ್ಯಾರ್ರೋ? ಗಂಡಸ್ರೆಲ್ಲ ಖಾಲಿಯಾದ್ರಾ?"

"ಗಂಡಸ್ರು ಆದ್ರು," ಎಂದಳು ಅವೊನೆಲ್. ಕೋಲು ಹಿಡಿದು ಒಳಗೆ ಬಂದಿದ್ದಳು.

ಡೋಲಿನವರ ಕೈ ತಡವರಿಸಿತು. ಜೆರೋಲ್ ಜನರತ್ತ ತಿರುಗಿ ನಕ್ಕ. "ಹೋಗೇ, ಪೆಲಾವ್ ತಳ ಹಿಡೀತಿದೆ ನೋಡು."

"ತಳ ಹಿಡಿದ್ರೆ ನೀನೇ ತಿನ್ನುವಂತೆ. ಕೋಲೆತ್ತು."

"ಮೇಷ್ಟ್ರೇ, ಇವಳಿಗೆ ಹೇಳಿ..."

"ಕಣಕ್ಕೆ ಇಳಿದೋರನ್ನ ನಾನು ಹೊರಗೆ ಕಳಿಸಲ್ಲ," ಎಂದರು ಲೆಜಾಮಾ. "ಆಡೋದಾದ್ರೆ ಆಡು, ಇಲ್ಲಾಂದ್ರೆ ಕೋಲು ಕೆಳಗಿಡು."

ಕೋಲು ಕೆಳಗಿಡುವ ಜಾಯಮಾನ ಅವನದಲ್ಲ. ಮೊದಲ ಏಟುಗಳನ್ನು ಆಟಕ್ಕೆಂಬಂತೆ ಬೀಸಿದ. ಅವಳು ತಡೆದಳು. ಮುಂದಿನದನ್ನು ಜೋರಾಗಿ ಬೀಸಿದ; ಅದನ್ನೂ ತಡೆದಳು. ಜನರಲ್ಲಿ ಯಾರೋ ಸಿಳ್ಳೆ ಹಾಕಿದರು. ಅಲ್ಲಿಂದ ಅವನ ಮುಖ ಬದಲಾಯಿತು. ಪಕ್ಕೆಗೆ ಹೊಡೆದ, ಒಣ ರೆಂಬೆ ಮುರಿದಂಥ ಸದ್ದು ನಮಗೆಲ್ಲ ಕೇಳಿತು. ತೊಡೆಗೆ ಹೊಡೆದ. ಅವಳು ಒಂದು ಮೊಣಕಾಲೂರಿ ಮತ್ತೆ ಎದ್ದಳು. ಅವನು ಇನ್ನು ಮುಗಿಸಿಬಿಡುತ್ತೇನೆಂದು ಎರಡೂ ಕೈಯಲ್ಲಿ ಕೋಲೆತ್ತಿದ. ಅವನ ಭುಜ ಏಳುವಷ್ಟರಲ್ಲೇ ಅವಳು ಮುಂದಕ್ಕೆ ನುಗ್ಗಿ, ಕೆಳಗಿಂದ ಮೇಲಕ್ಕೆ, ಅವನ ಹಣೆಗೆ ಬಾರಿಸಿದಳು.

ಹಣೆಯ ಚರ್ಮ ಬಿರಿದು ರಕ್ತ ಎರಡೂ ಕಣ್ಣಿಗೆ ಇಳಿಯಿತು.

ಗುಡ್ಡವೇ ಕುಸಿದಂತೆ ಕೂಗು ಎದ್ದಿತು. ಅವೊನೆಲ್ ಕೋಲು ಇಳಿಸಿ, ಪಕ್ಕೆ ಹಿಡಿದು, ಹೊರಗೆ ಹೋಗಲು ತಿರುಗಿದಳು. ಜೆರೋಲ್ ಗುಂಡಿಯ ಕಡೆ ಹೋಗಲಿಲ್ಲ. ಹಿಂದಿನಿಂದ ಅವಳ ಕೂದಲಿಗೆ ಕೈಹಾಕಿ ಎಳೆದು ಕೆಡವಿದ. ಎದೆಯ ಮೇಲೆ ಕೂತು ಕೋಲನ್ನು ಅಡ್ಡಲಾಗಿ ಅವಳ ಕುತ್ತಿಗೆಗೆ ಒತ್ತಿದ. "ನನ್ನನ್ನ? ಊರೆದುರಿಗೆ ನನ್ನನ್ನ?" ಎಂದು ಹಲ್ಲು ಕಡಿಯುತ್ತಿದ್ದ. ಅವನ ಹಣೆಯ ರಕ್ತ ಅವಳ ಬಾಯಿಗೆ ತೊಟ್ಟಿಕ್ಕುತ್ತಿತ್ತು. ಅವಳ ಕಾಲು ಮಣ್ಣು ಕೆರೆಯುತ್ತಿತ್ತು.

ಲೆಜಾಮಾ ಓಡಲಿಲ್ಲ, ನಡೆದೇ ಬಂದರು. ಒಂದೇ ಏಟು. ಜೆರೋಲ್‌ನ ಬಲ ಮಣಿಕಟ್ಟು ಪುಡಿಯಾಯಿತು. ಅವನು ಚೀರಿ ಪಕ್ಕಕ್ಕೆ ಉರುಳಿದ.

ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಜನ ಕಣಕ್ಕೆ ನುಗ್ಗಿದರು. ಅವನ ಲೋಟ ತುಂಬಿಸುತ್ತಿದ್ದವರೇ ಮೊದಲು ಒದ್ದರು. ಪಕ್ಕದ ಮನೆಯಾಕೆ ಚಪ್ಪಲಿ ಬಿಚ್ಚಿ ಮುಖಕ್ಕೆ ಬಡಿದಳು. ಯಾರೋ ಬಾಟಲಿ ಒಡೆದರು. ಮಡಿಸುವ ಕುರ್ಚಿಯೊಂದು ಮೇಲೆದ್ದು ಬೆನ್ನಿನ ಮೇಲೆ ಬಿತ್ತು. ಜೆರೋಲ್ ಮೊದಲು ಬೈಯುತ್ತಿದ್ದ, ಆಮೇಲೆ ಬೇಡಿಕೊಳ್ಳುತ್ತಿದ್ದ, ಆಮೇಲೆ ಅವನ ಬಾಯಿಂದ ಮಾತೇ ಬರಲಿಲ್ಲ. ಲೆಜಾಮಾ ಜನರನ್ನು ಕತ್ತುಪಟ್ಟಿ ಹಿಡಿದು ಎಳೆಯುತ್ತಿದ್ದರು. ಒಬ್ಬನನ್ನು ಎಳೆದರೆ ಆ ಜಾಗಕ್ಕೆ ಇಬ್ಬರು ನುಗ್ಗುತ್ತಿದ್ದರು.

ಕೆಮ್ಮುತ್ತ ಎದ್ದ ಅವೊನೆಲ್ ಆ ಗುಂಪಿನ ಮೇಲೆಯೇ ಕೋಲು ಬೀಸಿದಳು. ಒಬ್ಬನ ಮೊಣಕೈಗೆ, ಇನ್ನೊಬ್ಬನ ಬೆನ್ನಿಗೆ, ಚಪ್ಪಲಿ ಹಿಡಿದಾಕೆಯ ತೋಳಿಗೆ.

"ದೂರ ಸರೀರಿ! ಎಲ್ರೂ!"

"ನಿನ್ನ ಪರವಾಗೇ ಹೊಡೀತಿದೀವಲ್ಲೇ!" ಎಂದಳು ಪಕ್ಕದ ಮನೆಯಾಕೆ, ತೋಳು ಹಿಡಿದುಕೊಂಡು.

"ನನ್ನ ಪರವಾಗಾ?" ಅವಳ ದನಿ ಹರಿದಿತ್ತು. "ನಿನ್ನ ಮಂಚಕ್ಕೂ ನನ್ನ ಮಂಚಕ್ಕೂ ಒಂದು ಹಲಗೆ ಗೋಡೆ. ಇಷ್ಟು ವರ್ಷ ಎಲ್ಲಿತ್ತು ನಿನ್ನ ಚಪ್ಪಲಿ?"

ಅವೊನೆಲ್ ಜೆರೋಲ್‌ನ ಚಡ್ಡಿಯ ಪಟ್ಟಿಗೆ ಕೈಹಾಕಿ, ಮುರಿದ ಪಕ್ಕೆಯ ನೋವಿಗೆ ನರಳುತ್ತ, ಮಣ್ಣಿನ ಮೇಲೆ ಅವನನ್ನು ಎಳೆದಳು. ನೆರವಿಗೆ ಬಂದ ಹುಡುಗನಿಗೆ ಕೋಲು ತೋರಿಸಿದಳು. ಗುಂಡಿಯ ಅಂಚಿಗೆ ತಂದು, ಅವನ ಕುತ್ತಿಗೆ ಹಿಡಿದು ತಲೆಯನ್ನು ಬಗ್ಗಿಸಿದಳು. ಹಣೆಯಿಂದ, ಮೂಗಿನಿಂದ, ಒಡೆದ ತುಟಿಯಿಂದ ರಕ್ತ ಗುಂಡಿಗೆ ಬಿತ್ತು.

"ಈಗ ಮುಗೀತು," ಎಂದಳು. ಕೋಲು ಬಿಟ್ಟು ಅಲ್ಲೇ ಕೂತುಬಿಟ್ಟಳು. ನಾನು ಹೋಗಿ ಅವಳ ಬಾಯಿ ಒರೆಸಿದೆ.

ಆಂಬುಲೆನ್ಸ್ ಇಬ್ಬರನ್ನೂ ಒಟ್ಟಿಗೇ ಒಯ್ಯಬೇಕಾಯಿತು. ಅವಳು ಮುಂದೆ ಚಾಲಕನ ಪಕ್ಕ ಕೂತಳು. ಪೊಲೀಸರು ಲೆಜಾಮಾ ಮೇಷ್ಟ್ರನ್ನು ಕರೆದೊಯ್ದರು. ಅಂಗಳದಲ್ಲಿದ್ದವರೆಲ್ಲ ತಾವು ಆ ಹೊತ್ತಿಗೆ ಊಟಕ್ಕೆ ನಿಂತಿದ್ದೆವು, ಏನೂ ಕಾಣಲಿಲ್ಲ ಎಂದರು. ಅವೊನೆಲ್ ಮಾತ್ರ ಪಟ್ಟಿ ಬಿಗಿದ ಪಕ್ಕೆಯಲ್ಲೇ ಠಾಣೆಗೆ ಹೋಗಿ, ನಡೆದದ್ದನ್ನೆಲ್ಲ, ತನ್ನ ಬೆರಳು ಮುರಿದ ದಿನದಿಂದ ಹಿಡಿದು, ನಿಂತೇ ಹೇಳಿದಳಂತೆ. ಮೇಷ್ಟ್ರನ್ನು ಬಿಟ್ಟರು. ಭವನಕ್ಕೆ ಈಸ್ಟರ್‌ವರೆಗೂ ಬೀಗ ಬಿತ್ತು.

ಜೆರೋಲ್ ಆಸ್ಪತ್ರೆಯಿಂದ ಅರೀಮಾಕ್ಕೆ, ಅಕ್ಕನ ಮನೆಗೆ ಹೋದ. ಅವನ ಬಲಗೈ ಬೆರಳುಗಳು ಮತ್ತೆ ಪೂರ್ತಿ ಮಡಚಿಕೊಳ್ಳಲಿಲ್ಲ. ಲೋಟವನ್ನೂ ಎಡಗೈಯಲ್ಲೇ ಹಿಡಿಯಬೇಕು. ಒಮ್ಮೆ ಮಾರುಕಟ್ಟೆಗೆ ಬಂದು ಅವಳ ಮೀನಿನ ಕಟ್ಟೆಯೆದುರು ನಿಂತ. ನಾನು ಅಲ್ಲೇ ಮೀನು ಕೊಳ್ಳುತ್ತಿದ್ದೆ. ಅವಳು ಕೈಯಲ್ಲಿದ್ದ ಮೀನಿನ ಪೊರೆ ಹೆರೆಯುವುದನ್ನು ನಿಲ್ಲಿಸಲಿಲ್ಲ.

"ಮನೆಗೆ ಬರ್ಲಾ?" ಎಂದ.

"ಮೀನು ಬೇಕಾ?"

"ಅವೊನೆಲ್..."

"ಬೇಡಾಂದ್ರೆ ದಾರಿ ಬಿಡು. ಹಿಂದೆ ಜನ ನಿಂತಿದಾರೆ."

ಅವನು ಹೊರಟುಹೋದ. ಅವಳ ಕತ್ತಿ ತಪ್ಪಿ ಹೆಬ್ಬೆರಳು ಕೊಯ್ದಿತ್ತು. ಅದನ್ನು ನಾನು ಹೇಳುವವರೆಗೂ ಅವಳಿಗೆ ಗೊತ್ತೇ ಆಗಿರಲಿಲ್ಲ.

ಮುಂದಿನ ವರ್ಷ ಲೆಜಾಮಾ ಅವಳನ್ನು ದಕ್ಷಿಣದ ಮೊರೂಗಾದ ಕಣಕ್ಕೆ ಕರೆದೊಯ್ದರು. ಅಲ್ಲಿ ಒಬ್ಬ ತೋಟದ ಕೆಲಸಗಾರ ಬೇಗನೆ ಅವಳ ನೆತ್ತಿ ಒಡೆದ. ತಾನೇ ಹೋಗಿ ಗುಂಡಿಯ ಮೇಲೆ ಬಾಗಿದಳು. ಆ ಮನುಷ್ಯ ತನ್ನ ಅಂಗಿಯನ್ನೇ ಬಿಚ್ಚಿ ಗಾಯಕ್ಕೆ ಒತ್ತಿ ಹಿಡಿದನಂತೆ. ಹೊಲಿಗೆ ಹಾಕಿದ ತಲೆಯಲ್ಲಿ ಅವಳು ಬಸ್ಸಿನಿಂದ ಇಳಿದಾಗ ನನಗೆ ಗಾಬರಿಯಾಯಿತು.

"ಅಯ್ಯೋ ಮಗಳೇ, ಏನಾಯ್ತೇ?"

"ಸೋತೆ ಇಸ್ಮೇ ಆಂಟಿ," ಎಂದು ಅವಳು ಬಾಯಿ ತುಂಬ ನಕ್ಕಳು. "ಎಷ್ಟು ಚೆನ್ನಾಗಿ ಹೊಡೆದ ಗೊತ್ತಾ?"